ಬಾವಿ ಬಾಜೂ ಎರಡು ಗುಂಟೆ

ಕಬ್ಬಿನ ಹಂಗಾಮು ಜೋರಾಗಿತ್ತು. ಮಂಜು ಹರಿಯುವ ಮೊದಲೇ ಕುಲಗೋಡದ ಹಾದಿಯಲ್ಲಿ ಟ್ರ್ಯಾಕ್ಟರುಗಳು ಜೋಡು ಟ್ರಾಲಿ ಎಳೆದುಕೊಂಡು, ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಹೊರಟಿದ್ದವು. ರಮಜಾನಸಾಬನ ಅಂಗಳದಲ್ಲಿ ಮಾತ್ರ ನಾಲ್ಕಾರು ಗಂಡಸರು ಬೇರೆಯದೇ ಕೆಲಸದಲ್ಲಿದ್ದರು. ಒಬ್ಬರ ಕೈಯಿಂದ ಒಬ್ಬರು ಡಬ್ಬಿ ಇಸಿದುಕೊಂಡು ಹೊರಗೋಡೆಯ ಬುಡಕ್ಕೆ ಸಾಗಿಸುತ್ತಿದ್ದರು. ಎಣ್ಣೆಯ ಕ್ಯಾನು, ಬಣ್ಣದ ಡಬ್ಬಿ, ಕಿವಿ ಹೋದ ಬಕೆಟ್ಟು, ತಳ ಸೀಳಿದ ಬುಟ್ಟಿ. ಎಲ್ಲದರಲ್ಲೂ ಗೊಬ್ಬರ ಬೆರೆಸಿದ ಮಣ್ಣು, ಮಣ್ಣಿನಲ್ಲಿ ಚೆಂಡುಹೂವಿನ, ಗಲಾಟೆ ಹೂವಿನ ಬೀಜ.

"ಹಗೂರಕ ಇಡ್ರೆಪಾ. ಮೊನ್ನೆರ ಬೀಜಾ ಹಾಕ್ಯಾಳ ಅಕಿ," ಎಂದಳು ಬಾಜೂ ಮನೆಯ ರಾಯವ್ವ. ಅವಳು ತಾನೇ ಎರಡು ಕ್ಯಾನು ಎದೆಗವಚಿಕೊಂಡು ನಿಂತಿದ್ದಳು.

ಬೆಳಗಿನ ನಮಾಜಿಗೆ ಏಳದೆ, ಮಲಗಿದಲ್ಲೇ ಹೋಗಿಬಿಟ್ಟಿದ್ದ ರಮಜಾನಸಾಬ. ಮಯ್ಯತ್ತಿಗೆ ಸ್ನಾನ ಮಾಡಿಸಲು ಹಲಗೆ ಹಾಕಬೇಕು, ಸುತ್ತ ಪರದೆ ಕಟ್ಟಬೇಕು, ಬಾರಿಹಣ್ಣಿನ ಗಿಡದ ಎಲೆ ಹಾಕಿ ನೀರು ಕಾಯಿಸಬೇಕು. ಆದರೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಹೊಲಕ್ಕಿಂತ ಈ ಅಂಗಳದಾಗ ಮಣ್ಣ ಜಾಸ್ತಿ ಐತಿ," ಎಂದ ಮಾಳಪ್ಪ. ಅವನು ಸತ್ತವನ ಜೋಡಿ ಆಡಿ ಬೆಳೆದವನು, ಅವನ ಹೊಲಕ್ಕೆ ಒತ್ತಿನ ಹೊಲದವನು. "ಒಮ್ಮೆ ಮೂಡಲಗಿ ಹೊಟೇಲಿನವ ನನ್ನ ಕೇಳಿದ್ದ. ಆ ಸಾಬರು ಸೈಕಲ್ಲಿಗೆ ಖಾಲಿ ಡಬ್ಬಿ ಕಟಗೊಂಡ ಹೋಗ್ತಾರಲ್ರಿ, ಎಣ್ಣೀ ವ್ಯಾಪಾರ ಏನು ಅಂತ. ಎಣ್ಣೀದಲ್ಲೋ ಮಾರಾಯಾ, ಹೆಂಡ್ತೀದು ಅಂದೆ."

ಯಾರೋ ಮೂಗಿನಲ್ಲೇ ನಕ್ಕು, ಹೆಣದ ಮನೆಯೆಂಬುದು ನೆನಪಾಗಿ ಕೆಮ್ಮಿದರು.

"ಮಂದಿಗೆ ಯಾರಿಗೂ ಇಲ್ಲ ಅಂದಾಂವ ಅಲ್ಲ ನಮ್ಮಣ್ಣ," ಎಂದ ತಮ್ಮ ಖಲೀಲ, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ. "ರಾತ್ರ್ಯಾಗ ಕರೆಂಟ್ ಬಂದ್ರ ತನ್ನ ಪಂಪ ಬಂದ್ ಮಾಡಿ ಮಂದಿಗೆ ನೀರ ಬಿಡಾಂವ."

"ಖರೆ ಮಾತ. ನನಗ ಎಷ್ಟ ಸಲ ಬಿಟ್ಟಾನ," ಎಂದ ಮಾಳಪ್ಪ.

ಒಳಬಾಗಿಲ ಮರೆಯಲ್ಲಿ ಕುಳಿತಿದ್ದ ಹೆಂಡತಿ ಶಹನಾಜಬಿಗೆ ಎಲ್ಲವೂ ಕೇಳುತ್ತಿತ್ತು. ಸುಳ್ಳೇನಿರಲಿಲ್ಲ. ಆ ಮನುಷ್ಯ ಅವಳಿಗೂ ಒಂದು ದಿನ ಇಲ್ಲ ಅಂದವನಲ್ಲ. ಅಂದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಮಸಗುಪ್ಪಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಗಂಡನ ಅಕ್ಕ ಮೆಹಬೂಬಬಿ ಅತ್ತು ಹಗುರಾಗಿ, ಮಗ್ಗುಲಿಗೆ ಬಂದು ಕುಳಿತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಹೇಳಿದಳು:

"ಶಹನಾಜ, ಕಫನ್ ಹಾಕಿದ ಮ್ಯಾಲ ಮುಖಾ ತೋರಸಾಕ ಕರೀತಾರ. ಆವಾಗ ಮೆಹರ ಮಾಫ್ ಮಾಡೀನಿ ಅಂದಬಿಡು. ನಾಕ ಮಂದಿ ಕೇಳೂವಂಗ ಅನ್ನು."

ಶಹನಾಜಬಿ ಅವಳ ಮುಖ ನೋಡಿದಳು.

ನಿಕಾಹದ ಹೊತ್ತಿನಲ್ಲಿ ಗಂಡ ಹೆಂಡತಿಗೆ ಕೊಡುತ್ತೇನೆಂದು ಒಪ್ಪಿಕೊಂಡದ್ದು ಮೆಹರ. ಕೊಡದೆ ಸತ್ತರೆ ಅದು ಅವನ ಮೇಲಿನ ಸಾಲ. ಆ ಸೀಮೆಯಲ್ಲಿ ಎಲ್ಲ ಹೆಂಗಸರೂ ಹೆಣದ ಮುಂದೆ ನಿಂತು ಅದನ್ನು ಬಿಟ್ಟುಕೊಡುತ್ತಿದ್ದರು. ಶಹನಾಜಬಿಯ ಅತ್ತೆ ಬಿಟ್ಟಿದ್ದಳು. ಮೆಹಬೂಬಬಿಯೂ ಬಿಟ್ಟಿದ್ದಳು. ಒಂದು ಗುಟುಕು ನೀರು ಕುಡಿದಷ್ಟು ಹೊತ್ತಿನ ಮಾತು.

* * *

ಅವಳ ತವರು ಬೆಲ್ಲದ ಬಾಗೇವಾಡಿ. ಅಪ್ಪ ಮಂದಿಯ ಹೊಲ ಗುತ್ತಿಗೆಗೆ ಹಿಡಿದು ಹೂ ಬೆಳೆಯುತ್ತಿದ್ದ. ಲಗ್ನದ ದಿನ ಕಾಜಿ ಮೆಹರ ಎಷ್ಟು ಎಂದು ಕೇಳಿದಾಗ ಅಪ್ಪ ಹೇಳಿದ ಮಾತು ಪರದೆಯ ಈಚೆ ಕುಳಿತಿದ್ದ ಅವಳಿಗೆ ಕೇಳಿಸಿತ್ತು: "ರೊಕ್ಕ ಬ್ಯಾಡ್ರಿ, ರೊಕ್ಕ ತಿಂದ ಹೋಕ್ಕೈತಿ. ನನ್ನ ಮಗಳ ಕೈಗೆ ಹೂ ಬರ್ತಾವ. ಒಂದೀಟ ಮಣ್ಣ ಕೊಡ್ರಿ."

ಆಚೆಯ ಗಂಡಸರು ನಕ್ಕಿದ್ದರು. ಮಾವ ಉದಾರಿ. "ಬಾವಿ ಬಾಜೂ ಎರಡ ಗುಂಟೆ ಅಕೀದು. ಬರಕೊಳ್ರಿ ಕಾಜಿಸಾಬ," ಎಂದ. ಗಂಡನ ಮುಖ ಹೇಗಿದೆಯೋ ಗೊತ್ತಾಗುವ ಮೊದಲೇ ಶಹನಾಜ ಆ ಎರಡು ಗುಂಟೆಯ ಮುಖ ನೆನೆಸಿಕೊಂಡಿದ್ದಳು. ಎಲ್ಲಿ ಚೆಂಡುಹೂವಿನ ಸಾಲು, ಎಲ್ಲಿ ಕಾಲುವೆ, ಎಲ್ಲಿ ಕುಂತು ಕಳೆ ತೆಗೆಯುವುದು.

ಕುಲಗೋಡಕ್ಕೆ ಬಂದು ನೋಡಿದರೆ ಅಲ್ಲಿ ಅವಳಿಗಿಂತ ಎತ್ತರದ ಕಬ್ಬು ನಿಂತಿತ್ತು.

"ಈ ಕಬ್ಬ ಹೋಗಲಿ," ಎಂದ ರಮಜಾನಸಾಬ.

ಕಬ್ಬು ಹೋಯಿತು. ಆದರೆ ಕಬ್ಬು ಹೋದರೂ ಬುಡ ಹೋಗುವುದಿಲ್ಲ. ಕಡಿದ ಬುಡವೇ ಮತ್ತೆ ಒಡೆದು ಕೂಳೆಯಾಗಿ ಏಳುತ್ತದೆ. ಬಿತ್ತನೆಯ ಖರ್ಚಿಲ್ಲದ ಬೆಳೆಯನ್ನು ಯಾವ ಒಕ್ಕಲಿಗ ಕಿತ್ತಾನು? "ಈ ಕೂಳಿ ಒಂದ ಹೋಗಲಿ," ಎಂದ. ಕೂಳೆಯ ಮೇಲೆ ಕೂಳೆ. ಅದು ಸೊರಗುವ ಹೊತ್ತಿಗೆ ಹೊಸ ಬಿತ್ತನೆಯ ಕಬ್ಬು ತಯಾರು. ಆ ನೆಲ ಖಾಲಿಯೆಂದು ನಿಂತದ್ದೇ ಇಲ್ಲ.

ಖಲೀಲನ ಲಗ್ನದ ಅಡಿಗೆಗೆ ಬಂದ ಎಣ್ಣೆಯ ಕ್ಯಾನುಗಳು ಹಿತ್ತಲಿನಲ್ಲಿ ಬಿದ್ದಿದ್ದಾಗ ಶಹನಾಜಬಿ ಒಂದನ್ನು ನಡುವಿಗೆ ಕೊಯ್ದಳು. ಹಿಡಿಕೆಯ ಕಡೆ ನಾಲ್ಕು ಬೆರಳು ಕೊಯ್ಯದೆ ಬಿಟ್ಟಳು, ಮೇಲಿನ ಭಾಗ ಮುಚ್ಚಳದಂತೆ ತೆರೆಯಿತು. ಕಾದ ಮೊಳೆಯಿಂದ ತಳಕ್ಕೆ ತೂತು ಹಾಕಿದಳು. ಮಾಗಿಯ ಚಳಿಯಲ್ಲಿ ಬಯಲಲ್ಲಿ ಚೆಲ್ಲಿದ ಬೀಜ ಮುದುಡಿಕೊಂಡು ಕೂರುತ್ತದೆ, ಇದರೊಳಗೆ ಹಾಗಲ್ಲ. ಸಂಜೆಗೆ ಮುಚ್ಚಿದರೆ ಹಗಲಿನ ಕಾವು ಒಳಗೇ ಉಳಿಯಿತು, ಬೆಳಿಗ್ಗೆ ತೆರೆದರೆ ಬಿಸಿಲು ಬಿತ್ತು. ಊರವರ ಪಾತಿಗಳಲ್ಲಿ ಇನ್ನೂ ಮಣ್ಣು ಒಡೆಯುವ ಮೊದಲೇ ಅವಳ ಕ್ಯಾನಿನಲ್ಲಿ ನಾಲ್ಕೆಲೆಯ ಸಸಿ.

ರಮಜಾನಸಾಬನಿಗೆ ಖುಷಿಯಾಗಿತ್ತು. ಮುಂದಿನ ವಾರ ಮೂಡಲಗಿಯ ಸಂತೆಯಿಂದ ಬರುವಾಗ ಸೈಕಲ್ಲಿನ ಹಿಂದೆ ಡಬ್ಬಿಗಳ ಸರ ಕಟ್ಟಿಕೊಂಡು ಬಂದು, ಅಂಗಳದಲ್ಲಿ ಇಳಿಸಿ, ಅಂದ:

"ನಿನ್ನ ಹೊಲಾ ತಂದೇನಿ, ತಗೋ."

ಅವತ್ತು ಶಹನಾಜಬಿಗೂ ನಗು ಬಂದಿತ್ತು. ಚಹಾ ಮಾಡಿ ಕೊಟ್ಟಿದ್ದಳು. ಆಮೇಲೆ ಪ್ರತಿ ಮಾಗಿಯಲ್ಲೂ ತಂದ. ತಂದಾಗಲೆಲ್ಲ ಅದೇ ಮಾತು ಅಂದ. ಎಲ್ಲ ಡಬ್ಬಿಯ ಮಣ್ಣು ಸುರುವಿದರೂ ಒಂದು ಮಡಿ ತುಂಬುತ್ತಿರಲಿಲ್ಲ.

ಒತ್ತೊತ್ತಾಗಿ ಎದ್ದ ಡಬ್ಬಿಯ ಸಸಿ ಡಬ್ಬಿಯಲ್ಲೇ ಹೂವಾಗುವುದಿಲ್ಲ. ಬೇರು ತಳದ ತೂತಿನಿಂದ ಹೊರಗಿಳಿದು ಗಾಳಿಯಲ್ಲಿ ತಡಕಾಡುವ ಹೊತ್ತಿಗೆ ರಾಯವ್ವ ಬರುತ್ತಿದ್ದಳು, ಬುಟ್ಟಿ ತುಂಬ ಕಿತ್ತೊಯ್ದು ತನ್ನ ಹೊಲದ ಬದುವಿಗೆ ಹಚ್ಚುತ್ತಿದ್ದಳು. ಯುಗಾದಿಗೆ ಅವಳ ಬದು ಅರಿಷಿಣ ಚೆಲ್ಲಿದಂತಿರುತ್ತಿತ್ತು. "ಶಹನಾಜಕ್ಕಾ, ನಿನ್ನ ಹೂವ ನೋಡ ಬಾ," ಎಂದು ಕರೆಯುತ್ತಿದ್ದಳು ಪಾಪ. ಇವಳು ಹೋಗಿ, ಬದುವಿನ ಮೇಲೆ ನಿಂತು ನೋಡಿ ಬರುತ್ತಿದ್ದಳು.

ಒಂದೇ ಒಂದು ಸಲ, ಹಳೆಯ ಕೂಳೆ ಕಿತ್ತು ಬಾವಿ ಬಾಜೂ ನೆಲ ಬರಿದಾಗಿ ಬಿದ್ದಿತ್ತು. ಯಾರಿಗೂ ಹೇಳದೆ ಶಹನಾಜಬಿ ನಸುಕಿನಲ್ಲಿ ಎರಡು ಕ್ಯಾನು ಹೊತ್ತೊಯ್ದು ಅಂಚಿನಲ್ಲಿ ಒಂದು ಸಾಲು ಸಸಿ ನೆಟ್ಟಳು. ಬೊಗಸೆಯಲ್ಲಿ ನೀರು ಹಾಕಿದಳು. ಮರುದಿನ ಕೊಡ ತಗೊಂಡು ಹೋದರೆ ಟ್ರ್ಯಾಕ್ಟರು ಕಬ್ಬಿಗೆ ಸಾಲು ಹೊಡೆದುಹೋಗಿತ್ತು. ಮಣ್ಣಿನ ಹೆಂಟೆಯ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಎಲೆ.

"ನಾ ನೋಡ್ಲೇ ಇಲ್ಲಲ್ಲ," ಎಂದ ರಮಜಾನಸಾಬ. ಖರೆಯೇ ನೊಂದುಕೊಂಡಿದ್ದ. "ಹೇಳಿದ್ರ ಆ ಅಂಚ ಬಿಡಸ್ತಿದ್ನಿ. ಇರ್ಲಿ, ಈ ಕಬ್ಬ ಒಂದ ಹೋಗಲಿ."

ಆ ವಾರ ಬಣ್ಣದ ದೊಡ್ಡ ಡಬ್ಬಿಗಳನ್ನೇ ತಂದಿದ್ದ. ಅವನು ಒಂದು ಮಾತು ಬೈದಿದ್ದರೆ ತಾನೂ ಬೈಯಬಹುದಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ.

* * *

ಸ್ನಾನವಾಯಿತು. ಕಫನ್ ಸುತ್ತಿ ಅತ್ತರು ಹಚ್ಚಿ, ಮುಖದ ಮೇಲಿನ ಬಟ್ಟೆ ಸರಿಸಿ, ಮನೆಯ ಹೆಂಗಸರನ್ನು ಕರೆದರು. ಮೆಹಬೂಬಬಿ ಶಹನಾಜಬಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದಳು. ತಲೆಯ ಕಡೆ ಖಲೀಲ. ಕಾಲ ಕಡೆ ಮಗ ಸೈಫಅಲಿ ಕುಕ್ಕರುಗಾಲಲ್ಲಿ ಕುಂತು ಬಿಕ್ಕುತ್ತಿದ್ದ.

ಅವಳು ನೋಡಿದಳು. ಸುಕ್ಕೆಲ್ಲ ಇಳಿದು ಮುಖ ತಿಳಿಯಾಗಿತ್ತು. ಕಿವಿಯ ಹಿಂದೆ ಸ್ವಲ್ಪ ಅತ್ತರಿನ ಹತ್ತಿ. ನಾಲ್ಕು ದಿನದ ಹಿಂದೆ ಇದೇ ಮನುಷ್ಯ ಸೈಕಲ್ಲು ತುಳಿಯಲಾಗದೆ ನೂಕಿಕೊಂಡು ಬಂದು ಮೂರು ಕ್ಯಾನು ಇಳಿಸಿದ್ದ. ಆ ಮಾತನ್ನೂ ಅಂದಿದ್ದ, ದಮ್ಮು ಹತ್ತಿ ಅರ್ಧವೇ ಹೊರಬಂದಿತ್ತು. ಅವಳಿಗೆ ಹೋಗಲಿ ಅನ್ನಿಸಿತು. ಮಣ್ಣಿಗೆ ಹೊರಟ ಮನುಷ್ಯನ ಹತ್ತಿರ ಮಣ್ಣಿನ ಲೆಕ್ಕ ಏನು?

"ಅನ್ನು," ಎಂದಳು ಮೆಹಬೂಬಬಿ.

ಶಹನಾಜಬಿ ಬಾಯಿ ತೆರೆದಳು. ಅಮ್ಮ ಹಿಂಜರಿಯುತ್ತಿದ್ದಾಳೆಂದು ತಿಳಿದ ಸೈಫಅಲಿ ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟ. ಬಾವಿ ಬಾಜೂ ಬೆಲ್ಲದ ಗಾಣ ಹಾಕಬೇಕೆಂದು ಹೋದ ವಾರವಷ್ಟೇ ಅಲ್ಲಿ ಕಲ್ಲು ಇಳಿಸಿದ್ದ.

"ಅಂದಬಿಡ ಅಮ್ಮಾ," ಎಂದ, ಅಳುವ ದನಿಯಲ್ಲೇ. "ಜಾಗಾ ಎಲ್ಲಿ ಹೋಕ್ಕೈತಿ? ನಾ ಇಲ್ಲೇನ? ಈ ಕೂಳಿ ಒಂದ ಹೋಗಲಿ, ನೋಡೂನು."

ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

"ಭಾಬಿ," ಎಂದ ಖಲೀಲ, ಕಾದು ನೋಡಿ. "ಅಣ್ಣ ಮಣ್ಣಿಗೆ ಹೋಗೂ ಹೊತ್ತರಿ ಇದು."

"ಹೋಗ್ಲಿ. ಅವರಿಗರ ಮಣ್ಣ ಸಿಕ್ಕತಲ್ಲ."

"ಏನ ಮಾತಿದು ಶಹನಾಜ," ಎಂದಳು ಮೆಹಬೂಬಬಿ. "ನನ್ನ ತಮ್ಮ ಹೊರೆ ಹೊತಗೊಂಡ ಹೋಗಬೇಕೇನ? ಕಟ್ಟಕೊಂಡ ಗಂಡಗ ಇಷ್ಟೂ ಇಲ್ಲೇನ ನಿನ್ನ ಕಡೆ?"

"ಇಷ್ಟ ದಿನಾ ನಾ ಹೊತ್ತೇನಲ್ಲ ಆಪಾ. ಒಂದೀಟ ದೂರ ಅವರೂ ಹೊರ್ಲಿ."

"ಎರಡ ಗುಂಟೆ," ಎಂದ ಖಲೀಲ, ಹಲ್ಲು ಕಚ್ಚಿ. "ಎರಡ ಗುಂಟೆ ಸಂಬಂಧ ಹೆಣದ ಮುಂದ."

"ಎರಡ ಗುಂಟೆ ಅಲ್ಲ? ಹಂಗಾರ ಕೊಡಾಕ ಯಾಕ ಆಗಲಿಲ್ಲೋ?"

ಸೈಫಅಲಿ ಹೆಗಲ ಮೇಲಿನ ಕೈ ತೆಗೆದ. ಹೊರಗಿನಿಂದ ಮಾಳಪ್ಪ ಇಣುಕಿ, "ಜೋಹರ ನಮಾಜಿನ ಹೊತ್ತಾತರಿ, ಎತ್ತೂನಲ್ಲ?" ಎಂದಾಗ ಖಲೀಲ ಮುಖದ ಮೇಲೆ ಬಟ್ಟೆ ಎಳೆದ. ಗಂಡಸರು ಜನಾಜಾ ಎತ್ತಿದರು. ಗೋಡೆಯ ಬುಡದ ಡಬ್ಬಿಗಳಿಗೆ ಕಾಲು ತಾಗದಂತೆ ಓರೆಯಾಗಿ, ಸಾಲಾಗಿ ಹಾದುಹೋದರು. ಕಲಿಮಾ ಹೇಳುವ ದನಿ ಓಣಿಯ ತಿರುವಿನಲ್ಲಿ ಸಣ್ಣದಾಯಿತು.

ರಾಯವ್ವ ಮಾತ್ರ ಹೊಸ್ತಿಲಿನ ಆಚೆ ನಿಂತಿದ್ದಳು.

"ಇವನ್ನೆಲ್ಲಾ ಮತ್ತ ಒಳಗ ಹೊಂದಿಸಿಡ್ಲೇನ ಅಕ್ಕಾ? ನೀ ಇನ್ನ ನಾಕ ತಿಂಗಳ ಮ್ಯಾಲ ಹೊಸ್ತಿಲಾ ದಾಟೂವಂಗಿಲ್ಲ."

"ಹೌದಲ," ಎಂದಳು ಶಹನಾಜಬಿ, ಈಗಷ್ಟೇ ಹೊಳೆದವಳಂತೆ. ಗಂಡ ಸತ್ತವಳ ಇದ್ದತ್ತಿನ ಕಾಲ. ಅದು ಮುಗಿಯುವ ಹೊತ್ತಿಗೆ ಯುಗಾದಿ ಕಳೆದು, ಹೂವೂ ಕಳೆದು, ಬಿಸಿಲಿಗೆ ಗಿಡಗಳು ಒಣಗಿರುತ್ತವೆ. "ಸಸಿ ಆದ ಮ್ಯಾಲ ನೀನ ಒಯ್ಯು."

"ಒಯ್ಯೂದೇನ, ಪ್ರತಿ ವರ್ಷ ಒಯ್ತೇನಿ," ಎಂದಳು ರಾಯವ್ವ. ಆ ಮಾತು ತನಗೇ ಚುಚ್ಚಿದಂತಾಗಿ ತಲೆ ತಗ್ಗಿಸಿದಳು.

ಒಳಗೆ ಪಡಸಾಲೆಯಲ್ಲಿ, ಹೆಣ ಇದ್ದ ಜಾಗದಲ್ಲಿ ಬಿಳಿಯ ಚಾದರ ಹಾಸಿ, ಅದರ ಮೇಲೆ ಹುಣಸೆಬೀಜ ಸುರುವಿದ್ದರು. ಹೆಂಗಸರು ಸುತ್ತ ಕೂತರು. ಒಂದು ಬೀಜ ಎತ್ತುವುದು, ಸತ್ತವನ ಹೆಸರಿಗೆ ಒಮ್ಮೆ ಕಲಿಮಾ ಓದುವುದು, ಆಚೆಯ ಗುಂಪಿಗೆ ಹಾಕುವುದು. ಶಹನಾಜಬಿಗೂ ಜಾಗ ಬಿಟ್ಟರು, ಸ್ವಲ್ಪ ಹೆಚ್ಚೇ ಬಿಟ್ಟರು. ಅವಳೂ ಬೀಜ ಎತ್ತಿದಳು, ಓದಿದಳು, ಹಾಕಿದಳು.

ಮಸೀದಿಯ ಮೈಕು ಗರಗರ ಅಂದಿತು. ಜನಾಜಾದ ನಮಾಜಿಗೆ ಮಂದಿ ನಿಂತಿದ್ದರು. ನಮಾಜಿಗೆ ಮೊದಲು ಮನೆಯವರು ಕೇಳಬೇಕಾದ ಮಾತನ್ನು ಕೇಳಲು ಸೈಫಅಲಿ ಮೈಕಿನ ಮುಂದೆ ಬಂದಿದ್ದ. ದನಿ ಊರ ತುಂಬ ಬಿದ್ದಿತು.

"ನಮ್ಮ ಅಬ್ಬಾನ ಕಡೆ ಯಾರದರ ಏನರ ಬರೂದ ಇದ್ರ ಈಗ ಹೇಳ್ರಿ. ನಾ ಮುಟ್ಟಸ್ತೇನಿ. ಯಾರ ಮನಸಿಗರ ನೋವ ಮಾಡಿದ್ರ ಮಾಫ್ ಮಾಡ್ರಿ."

ಮೈಕು ತೆರೆದೇ ಇತ್ತು. ಗಾಳಿ ಊದಿದ್ದು ಕೇಳಿಸಿತು. ಯಾರೋ ಕೆಮ್ಮಿದರು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು, ಅದರ ಹಾಡೂ ಮೈಕಿನೊಳಗೆ ಬಂದು ಹೋಯಿತು.

"ನಂದ ಐತಿ," ಎಂದಳು ಶಹನಾಜಬಿ.

ಗಟ್ಟಿಯಾಗಿಯೇನೂ ಅನ್ನಲಿಲ್ಲ. ಬಾಜಾರದಲ್ಲಿ ತನ್ನ ಪಾಳಿ ಬಂದಾಗ ಹೇಳುವಂತೆ ಅಂದಳು. ಚಾದರದ ಮೇಲೆ ಆಡುತ್ತಿದ್ದ ಕೈಗಳೆಲ್ಲ ನಿಂತವು.

"ಯಾರದೂ ಇಲ್ಲ," ಎಂದಿತು ಮೈಕಿನಲ್ಲಿ ಖಲೀಲನ ದನಿ. "ಸಾಲ ಸೀದಾ ಮಾಡಿ ನಿಂದರ್ರಿ."

ಅಲ್ಲಾಹು ಅಕ್ಬರ್ ಎಂದು ಇಮಾಮರ ದನಿ ಎದ್ದಿತು.

ಮೆಹಬೂಬಬಿ ಮೊದಲು ತಲೆ ತಗ್ಗಿಸಿ ಬೀಜ ಎತ್ತಿದಳು. ಅವಳ ಹಿಂದೆ ಮಿಕ್ಕವರು. ಈ ಗುಂಪಿನಿಂದ ಆ ಗುಂಪಿಗೆ ಬೀಜಗಳು ಟಕ್ ಟಕ್ ಎಂದು ಬೀಳತೊಡಗಿದವು. ಎತ್ತಿದ ಬೀಜವನ್ನು ಒಳಗೇ ಹಿಡಿದು ಶಹನಾಜಬಿಯ ಬಲಗೈ ಚಾದರದ ಮೇಲೆ ಮುಷ್ಟಿಯಾಗಿ ಬಿದ್ದಿತ್ತು. ಅವಳ ತುಟಿ ಅಲುಗುತ್ತಿರಲಿಲ್ಲ. ಬಾಜೂ ಕೂತ ಹೆಣ್ಣುಮಗಳೊಬ್ಬಳು ಮುಷ್ಟಿ ಬಿಡಿಸಲು ಮೆಲ್ಲಗೆ ಬೆರಳು ಹಾಕಿ ನೋಡಿದಳು, ಬರಲಿಲ್ಲ. ತನ್ನ ಬೀಜ ಎತ್ತಿಕೊಂಡು ಓದತೊಡಗಿದಳು.