ಬಾಚಬಾರದ ಜಡೆ

ನಾನು ಸೋಮಾರಿ. ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ. ಹೊಸೂರಿನ ಕಾರ್ಖಾನೆಯ ಬಸ್ಸು ತಳಿಗೆ ಹೋಗುವ ರಸ್ತೆಯ ನಮ್ಮೂರ ತಿರುವಿಗೆ ಬೆಳಿಗ್ಗೆ ಐದೂವರೆಗೇ ಬಂದುಬಿಡುತ್ತದೆ. ಅದಕ್ಕೂ ಮುಂಚೆ ಎಣ್ಣೆ, ಸಿಕ್ಕು, ಬಾಚಣಿಗೆ, ಅಜ್ಜಿಯ ಬೈಗುಳ ಎಲ್ಲಾ ಸೇರಿ ಅರ್ಧ ಗಂಟೆ ನಿದ್ದೆ ಹಾಳು. ಅದಕ್ಕೇ ಹೋದ ತಿಂಗಳು ಹೊಸೂರಿನ ಪಾರ್ಲರಿನಲ್ಲಿ ಜಡೆ ಹೆಣೆಯುವ ಶಾಂತಿಯ ಮುಂದೆ ಮೂರು ಗಂಟೆ ಕೂತು, ಹಸಿರು, ಹಳದಿ, ನೇರಳೆ ನೂಲು ಸೇರಿಸಿ ತಲೆ ತುಂಬಾ ಸಣ್ಣ ಸಣ್ಣ ಜಡೆ ಹಾಕಿಸಿಕೊಂಡೆ. ಎದ್ದ ಮೇಲೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡರೆ ಮುಗಿಯಿತು. ನೋಡಲೂ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದಾಗ ಅಜ್ಜಿ ವರಲಕ್ಷ್ಮಮ್ಮ ಪಕ್ಕದ ಮನೆಯ ರುಕ್ಮಿಣಮ್ಮನ ಜೊತೆ ಜಗಲಿಯಲ್ಲಿ ಹೂ ಕಟ್ಟುತ್ತಿದ್ದಳು.

“ಏನೇ ಶ್ಯಾಮಲಾ ಇದು ಅವತಾರ? ಬಿಚ್ಚು ಮೊದ್ಲು,” ಎಂದಳು ಅಜ್ಜಿ.

“ಬಿಚ್ಚಂಗಿಲ್ಲ ಅಜ್ಜಿ, ಜಡೆ ಇದು. ಬಾಚಣಿಗೆ ಮುಟ್ಟಿಸಂಗಿಲ್ಲ, ಎಣ್ಣೆ ಹಚ್ಚಂಗಿಲ್ಲ.”

ಕೆಟ್ಟಿದ್ದು ಅಲ್ಲೇ. ನಮ್ಮ ಕಡೆ ಕೂದಲು ತಾನಾಗಿ ಗಂಟುಕಟ್ಟಿದರೂ ಜಡೆ ಅಂತಲೇ ಅನ್ನುತ್ತಾರೆ. ಅದು ಮಾರಮ್ಮ ಬಂದು ಕೂತ ಗುರುತು, ಬಾಚಿದರೆ ಕೇಡು. ಪಾರ್ಲರಿನ ನಿಯಮಕ್ಕೂ ಮಾರಮ್ಮನ ನಿಯಮಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ರುಕ್ಮಿಣಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ಎದ್ದವಳು ಊರೆಲ್ಲ ಸುತ್ತಿಯೇ ಮನೆಗೆ ಹೋದದ್ದು.

ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೇ ಬಾಗಿಲಲ್ಲಿ ಜನ. ತಣ್ಣೀರು ಸ್ನಾನ ಮಾಡಿಸಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಊರಿನ ಸರ್ವಜ್ಞನೆಂದೇ ತನ್ನನ್ನು ತಿಳಿದುಕೊಂಡಿರುವ ಮುತ್ತರಾಯಪ್ಪ ಬಣ್ಣಗಳನ್ನು ವಿಂಗಡಿಸಿದ. ಹಸಿರು ಪಟ್ಟಾಳಮ್ಮ, ಹಳದಿ ಮಾರಮ್ಮ. ನೇರಳೆಗೆ ಯಾವ ದೇವರೂ ಸಿಗದೆ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಇದ್ಯಾವ್ದೋ ಹೊಸೂರು ಕಡೆ ಅಮ್ಮ,” ಎಂದ.

“ಅಯ್ಯೋ, ಇದು ನೂಲು ಕಣಣ್ಣೋ!” ಎಂದು ಕೂಗಿದೆ.

“ನಾನೇ ಅಮ್ಮ ಅಂತ ಯಾವ ಅಮ್ಮನಾದ್ರೂ ಒಪ್ಕೊಂಡವ್ಳಾ?” ಎಂದು ಅವನು ಅಡ್ಡಬಿದ್ದ.

ನಿದ್ದೆ ಉಳಿಸಲು ಹಾಕಿಸಿದ ಜಡೆ ಇದ್ದ ನಿದ್ದೆಯನ್ನೂ ನುಂಗಿತು. ದಿನವೂ ಇದೇ ಆಗಿ ಆ ವಾರದಲ್ಲೇ ಎರಡು ಸಲ ಬಸ್ಸು ತಪ್ಪಿತು. ಇನ್ನೊಂದು ಸಲ ತಪ್ಪಿದರೆ ಕೆಲಸಕ್ಕೆ ಬರಲೇಬೇಡ ಎಂದ ಸೂಪರ್‌ವೈಸರ್. ಭಾನುವಾರ ಮಧ್ಯಾಹ್ನ ಕತ್ತರಿ ಹಿಡಿದು ಕೂತೆ. ಅಜ್ಜಿ ಓಡಿಬಂದು ಕೈ ಹಿಡಿದಳು.

“ನೂಲು ಅಂತ ನಂಗೂ ಗೊತ್ತು ಕಣೆ. ಹೂ ಕಟ್ಟೋಳಿಗೆ ನೂಲು ಗೊತ್ತಾಗಲ್ವಾ?”

“ಮತ್ತೆ ಯಾಕೆ ಸುಮ್ನಿದ್ದೆ?” ನನಗೆ ರೇಗಿಹೋಯಿತು.

ಅಜ್ಜಿ ಕೆಳಗೆ ನೋಡಿದಳು. “ನಿಮ್ಮ ತಾತ ಹೋಗಿ ನಲವತ್ತು ವರ್ಷ. ಊರಿಗೆಲ್ಲ ಹೂ ಕಟ್ಟಿವ್ನಿ, ನನ್ ತಲೆಗೆ ಒಂದೆಸಳು ಇಟ್ಟಿಲ್ಲ. ಈ ಮುತ್ತರಾಯಪ್ಪನ ಮಗಳ ಮದ್ವೇಲಿ ನಾನು ಕಟ್ಟಿದ ಹೂವು ಮುಂದ್ಗಡೆ, ನಾನು ಹಿಂದ್ಗಡೆ. ಈಗ ನೋಡು, ‘ಒಳಗೆ ಬರ್ಲಾ ತಾಯಿ’ ಅಂತ ನನ್ನೇ ಕೇಳ್ತಾವ್ನೆ.” ಆಮೇಲೆ ಮೆಲ್ಲಗೆ, “ಅದನ್ನ ನನ್ ತಲೆಗೆ ಹಾಕ್ಸೇ,” ಎಂದಳು.

ಕತ್ತರಿ ಕೆಳಗಿಟ್ಟೆ. ಇಷ್ಟು ವರ್ಷ ನನ್ನ ತಲೆ ಬಾಚಿದವಳ ತಲೆಯನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಅವತ್ತೇ ಹೊಸೂರಿಗೆ ಕರೆದುಕೊಂಡು ಹೋದೆ.

“ಯಾವ ಕಲರ್ ಪಾಟಿ?” ಎಂದಳು ಶಾಂತಿ, ಅಜ್ಜಿಯನ್ನು ತಮಿಳಿನಲ್ಲಿ ಕರೆದು.

“ಕೆಂಪು,” ಎಂದಳು ಅಜ್ಜಿ, ಕೇಳುವುದಕ್ಕೇ ಕಾದಿದ್ದವಳ ಹಾಗೆ.

ಮಾರಮ್ಮ ಮೊಮ್ಮಗಳನ್ನು ಬಿಟ್ಟು ಅಜ್ಜಿಯ ತಲೆಗೆ ಬಂದಿದ್ದಾಳೆ, ಮೊಮ್ಮಗಳದು ಈಗ ಬರೀ ನೂಲು ಎಂದು ಊರಿಗೆ ಅಜ್ಜಿಯೇ ಸಾರಿದಳು. ಎಲ್ಲರೂ ನಂಬಿದರು. ನನ್ನ ಜಡೆ ನನಗೇ ಉಳಿಯಿತು, ನಿದ್ದೆಯೂ ವಾಪಸ್ಸು ಬಂತು. ಮರುದಿನ ಬೆಳಗಿನ ಜಾವ ಚಾಪೆಯ ಮೇಲೆ ಮಗ್ಗುಲು ಬದಲಿಸುವಾಗ ಜಗಲಿಯಿಂದ ಮುತ್ತರಾಯಪ್ಪನ ದನಿ ಕೇಳಿಸಿತು. ಒಂದು ಮೊಳ ಮಲ್ಲಿಗೆ ತಂದಿದ್ದ.

“ಮುಡ್ಕೋಬೇಕು ತಾಯಿ, ಇಲ್ಲ ಅನ್ಬಾರ್ದು.”

“ಬರೀ ಬಿಳೀದೇ ತಂದಿದ್ದೀಯಲ್ಲೋ,” ಎಂದಳು ಅಜ್ಜಿ. “ನಾಳೆಯಿಂದ ಕನಕಾಂಬರ ತಾ.”