ಮರಳುಗಾಡಿಗೆ ಹಂಚು

ಇಡೀ ತುಮಕೂರಿನಲ್ಲಿ ಹಬೀಬ್ ಸಾಬರ ಹೆಸರನ್ನು ಹಕಾರ ಸಮೇತ ಉಚ್ಚರಿಸುತ್ತಿದ್ದವನು ನಾನೊಬ್ಬನೇ. ಉಳಿದವರಿಗೆಲ್ಲ ಅವರು ಅಬೀಬ್ ಸಾಬ್ರು. ನಮ್ಮ ಸೀಮೆಯ ಜನ ಹಣ್ಣನ್ನು ಅಣ್ಣೆಂದು ತಿಂದು, ಹಾಲನ್ನು ಆಲೆಂದು ಕುಡಿದು, ಹಂಚಿನ ಮನೆಯನ್ನು ಅಂಚಿನ ಮನೆಯೆಂದೇ ಕಟ್ಟಿಕೊಂಡು ಸುಖವಾಗಿ ಬಾಳಿದವರು. ಅಂಥವರ ನಡುವೆ ಮೂವತ್ತು ವರ್ಷ ಕನ್ನಡ ಪಂಡಿತನಾಗಿದ್ದ ನಾನು ಮಕ್ಕಳ ನಾಲಿಗೆಯ ಮೇಲೆ ಕೂರಿಸಿದ ಹಕಾರಗಳನ್ನು ಸಾಲಾಗಿ ನಿಲ್ಲಿಸಿದರೆ, ಆ ಸಾಲು ಕ್ಯಾತ್ಸಂದ್ರದಲ್ಲಿ ಹೊರಟು ಗುಬ್ಬಿ ಮುಟ್ಟಿ, ಅಲ್ಲಿ ಕಾಫಿ ಕುಡಿದು ವಾಪಸೂ ಬಂದೀತು. ಹಕಾರದ ವಿಷಯದಲ್ಲಿ ನನ್ನ ನಾಲಿಗೆಯಾಗಲಿ ಲೇಖನಿಯಾಗಲಿ ಒಮ್ಮೆಯೂ ಜಾರಿದ್ದಿಲ್ಲವೆಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಕೇಳಿದವರು ನಂಬುತ್ತಲೂ ಇದ್ದರು, ಅನಾಹುತವಾದದ್ದೇ ಅದರಿಂದ.

ಹಬೀಬ್ ಸಾಬರದು ಕುಣಿಗಲ್ ರಸ್ತೆಯ ಮಗ್ಗುಲಿನಲ್ಲಿ ಒಂದು ಬಡಗಿ ಅಂಗಡಿ. ಅವರು ನಡೆಯುವುದನ್ನು ನೋಡಿದರೆ ನೆಲವನ್ನು ಅಳೆಯಲು ಯಾರೋ ನೇಮಿಸಿದ್ದಾರೆನ್ನಿಸಬೇಕು. ಮಳೆ ಬರಲಿ, ನಾಯಿ ಅಟ್ಟಿಸಿಕೊಂಡು ಬರಲಿ, ಹೆಜ್ಜೆ ಎರಡೂವರೆ ಅಡಿಗಿಂತ ಕೂದಲೆಳೆಯಷ್ಟೂ ಹಿಗ್ಗುತ್ತಿರಲಿಲ್ಲ. "ನಮ್ಮ ಅಂಗಡಿಯಿಂದ ನಿಮ್ಮನೆ ಒಂಬೈನೂರಾ ಹನ್ನೊಂದು ಹೆಜ್ಜೆ ಮೇಷ್ಟ್ರೇ, ಹೌದೋ ಅಲ್ವೋ," ಎಂದು ಒಮ್ಮೆ ನನಗೇ ಹೇಳಿದ್ದರು. ಈ 'ಹೌದೋ ಅಲ್ವೋ' ಅವರ ಪ್ರತಿ ಮಾತಿನ ಬಾಲ; ಪ್ರಶ್ನೆಯೆಂದುಕೊಂಡು ಯಾರಾದರೂ ಉತ್ತರ ಕೊಟ್ಟರೆ ಗಲಿಬಿಲಿಗೊಳ್ಳುತ್ತಿದ್ದರು. ಬೇಸಿಗೆ ಚಳಿಗಾಲವೆನ್ನದೆ ತೊಡುತ್ತಿದ್ದ ಕಂದುಬಣ್ಣದ ಕೋಟಿಗೆ ಏಳು ಜೇಬು. ಆರರಲ್ಲಿ ಮೊಳೆ, ಸ್ಕ್ರೂ, ಪೆನ್ಸಿಲು; ಎದೆಯ ಮೇಲಿನ ಏಳನೆಯದರಲ್ಲಿ ಗಿರಾಕಿಗಳು ಅಳತೆ ಬರೆದುಕೊಟ್ಟ ಚೀಟಿಗಳು. ಕೆಲಸ ಗಿರಾಕಿಯ ಮನೆ ಸೇರಿ, ಗಿರಾಕಿ ತಲೆಯಾಡಿಸುವವರೆಗೆ ಆ ಚೀಟಿ ಎದೆ ಬಿಟ್ಟು ಕದಲುವಂತಿರಲಿಲ್ಲ. ಅವರು ತೋಪಡ ಹೊಡೆದು ನಯ ಮಾಡಿದ ಹಲಗೆಯ ಮೇಲೆ ಕೂರಲು ಹೋದ ನೊಣ ಜಾರಿಬಿದ್ದು ಸೊಂಟ ಉಳುಕಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರಿಗೊಂದು ಹಟವಿತ್ತು: ತಮ್ಮ ಕೈಯಿಂದ ಹೋದ ಕೆಲಸ ಎಂದೂ ವಾಪಸ್ ಬರಬಾರದು. ಗುಬ್ಬಿಯ ದ್ಯಾವಪ್ಪನೆಂಬಾತ ಮಗಳ ಮದುವೆಗೆ ಮಾಡಿಸಿದ ಮಂಚದ ಕಾಲಿಗೆ ಹೋರಿ ಕಟ್ಟಿ, ಹೋರಿ ಎಳೆದು, ಕಾಲು ಸೀಳಿಹೋಯಿತು. ಅವನು ಮಂಚವನ್ನು ಗಾಡಿಗೆ ಏರಿಸುತ್ತಿದ್ದಾನೆಂಬ ಸುದ್ದಿ ಬಂದದ್ದೇ ಸಾಬರು ಉಳಿ, ಕೊಡತಿ ಹಿಡಿದು ಮೊದಲ ಬಸ್ಸನ್ನೇ ಹತ್ತಿದರು. "ಅಲ್ಲಾ ಸಾಬ್ರೇ, ತಪ್ಪು ನಂದು. ನಾನೇ ತತ್ತಿದ್ದೆ ಬುಡಿ," ಎಂದನಂತೆ ದ್ಯಾವಪ್ಪ. "ತಪ್ಪು ಯಾರ್ದಾದ್ರೂ ಆಗ್ಲಿ, ಕೆಲಸ ನಂದು. ಅದು ರಸ್ತೇಲಿ ನನ್ನ ಹುಡುಕ್ಕೊಂಡು ಬರಬಾರದು," ಎಂದು ಅಲ್ಲೇ ಅಂಗಳದಲ್ಲಿ ಕೂತು ಹೊಸ ಕಾಲು ಕೆತ್ತಿ ಕೂರಿಸಿ ಬಂದರು. ಅಂಗಡಿ ಹಾಕಿದ ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಮಣೆಯೂ ವಾಪಸ್ ಬಂದಿಲ್ಲವೆಂಬುದು ಅವರ ಆಸ್ತಿ, ಅವರ ಬಿರುದು, ಅವರ ಕೊರಳ ಹಾರ. ಆ ಹಾರವನ್ನು ಕಿತ್ತವನು ನಾನು.

೧೯೮೧ನೇ ಇಸವಿ. ಗುಬ್ಬಿಯ ಹೈಸ್ಕೂಲಿನಲ್ಲಿ ನನ್ನೊಡನೆ ಓದಿದ ಅಂಜನಮೂರ್ತಿ, ಸಿಪಾಯಿಯಾಗಿ ಸೇರಿ ಕ್ಯಾಪ್ಟನ್ ಆಗಿ ಸೈನ್ಯದಿಂದ ನಿವೃತ್ತನಾಗಿ ಕುಣಿಗಲ್ಲಿನಲ್ಲಿ ಮನೆ ಮಾಡಿದ್ದ. ಯುದ್ಧ ಅವನನ್ನು ಬಿಟ್ಟಿದ್ದರೂ ಅವನು ಯುದ್ಧವನ್ನು ಬಿಟ್ಟಿರಲಿಲ್ಲ. ಇಂಚೆತ್ತರದ ಸೀಸದ ಸೈನಿಕರು, ಬೆಂಕಿಪೊಟ್ಟಣದಷ್ಟು ಟ್ಯಾಂಕುಗಳು, ದಾಳ, ಅಳತೆಯ ಟೇಪು, ಇಷ್ಟನ್ನು ಮೇಜಿನ ಮೇಲೆ ಹರಡಿಕೊಂಡು, ಬೆಂಗಳೂರಿನಿಂದ ಬರುವ ಇಬ್ಬರು ನಿವೃತ್ತ ಗೆಳೆಯರೊಡನೆ ಭಾನುವಾರವಿಡೀ ಮರಳುಗಾಡಿನ ಯುದ್ಧ ಆಡುತ್ತಿದ್ದ. ಮರಳುಗಾಡಿಗೆ ಬದಲು ಹಳೆಯ ಕಂಬಳಿ ಹಾಸಿ ಬೇಸತ್ತು ನನಗೊಂದು ಕಾಗದ ಬರೆದ: ಒಳ್ಳೆಯ ಬಡಗಿಯಿಂದ ಎರಡಡಿ ಚೌಕದ ಹನ್ನೆರಡು ಹಲಗೆ ಮಾಡಿಸಿಕೊಡು; ಮೇಲೆ ಮರಳು, ದಿಬ್ಬ, ಕಣಿವೆ ಇರಲಿ; ಯಾವ ಹಲಗೆಯನ್ನು ಯಾವುದರ ಪಕ್ಕ ಹೇಗೆ ತಿರುಗಿಸಿ ಇಟ್ಟರೂ ಬದಿಗೆ ಬದಿ ಕೂಡಿ ಮರಳುಗಾಡು ಮುಂದುವರಿಯಬೇಕು, ಪ್ರತಿ ಭಾನುವಾರ ಹೊಸ ರಣರಂಗವಾಗಬೇಕು. ಸೈನ್ಯದಲ್ಲಿ ಕನ್ನಡ ಬರೆಯುವುದನ್ನು ಮರೆತಿದ್ದ ಅವನ ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿ, ದುಂಡಗೆ ಚೀಟಿ ಬರೆದು ಸಾಬರ ಕೈಗಿತ್ತೆ. ಅವರು ಅಕ್ಷರಕ್ಕೊಮ್ಮೆ ಬೆರಳಿಟ್ಟು ಓದಿಕೊಂಡು ಎದೆಯ ಜೇಬಿಗಿಳಿಸಿದರು.

ಆ ಕೆಲಸಕ್ಕೆ ಅವರು ಪಟ್ಟ ಪಾಡೇನು! ಅಂತರಸನಹಳ್ಳಿಯ ಕಾರ್ಖಾನೆಯೊಂದರಿಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ತಂದು ಬಿಚ್ಚಿ ಹಲಗೆ ಮಾಡಿದರು. ಹೊಳೆಯ ಮರಳು ತರಿಸಿ, ಚಿಟಿಕೆಯಷ್ಟನ್ನು ಅಂಗೈಮೇಲೆ ಹರಡಿ, "ಮನುಷ್ಯ ಒಂದಿಂಚು. ಅವನ ಕಾಲಿಗೆ ಇದು ಮರಳಲ್ಲ, ಬಂಡೆ," ಎಂದು ಅಷ್ಟನ್ನೂ ಚೆಲ್ಲಿದರು. ಕೊನೆಗೆ ಮರದ ಹೊಟ್ಟನ್ನು ಅವರ ಹೆಂಡತಿ ಹಜರಾ ಬೀ ತಮ್ಮ ಹಳೆಯ ದುಪಟ್ಟಾದಲ್ಲಿ ಮೂರು ಸಲ ಸೋಸಿದರು. "ಊರೋರ ಮನೇಲಿ ರವೆ ಸೋಸ್ತಾರೆ, ನಮ್ಮನೇಲಿ ರೇಗಿಸ್ತಾನದ ಮರಳು," ಎಂದು ಗೊಣಗಿಕೊಂಡೇ ಸೋಸಿದರೆಂದು ಕೇಳಿದ್ದೇನೆ. ಅದನ್ನು ಅಂಟಿನಲ್ಲಿ ಕಲಸಿ, ದಿಬ್ಬಗಳನ್ನು ಹೆಬ್ಬೆರಳಿನಿಂದಲೇ ಮೀಟಿ ಎಬ್ಬಿಸುತ್ತ ಸಾಬರು ಕಣ್ಣುಮುಚ್ಚಿ ಸವರಿ ನೋಡುತ್ತಿದ್ದರಂತೆ. ಕಣ್ಣಿಗೆ ಮೋಸವಾಗಬಹುದು, ಹೆಬ್ಬೆರಳಿಗಾಗುವುದಿಲ್ಲವೆಂಬುದು ಅವರ ಶಾಸ್ತ್ರ.

ಕೆಲಸದ ಮಧ್ಯೆ ಒಂದು ಮಧ್ಯಾಹ್ನ ಸಾಬರು ಒಂಬೈನೂರಾ ಚಿಲ್ಲರೆ ಹೆಜ್ಜೆ ನಡೆದು ನನ್ನ ಮನೆಗೇ ಬಂದರು.

"ಮೇಷ್ಟ್ರೇ, ಒಂದು ಅನುಮಾನ. ಈ ಹಂಚು ಬೇಕೇ ಬೇಕಾ?"

ಪಾಪ, ನನ್ನ ಸಹವಾಸದಿಂದ ಅಂಚಿಗೂ ಒಂದು ಹಕಾರ ಹೆಚ್ಚಾಗಿ ಹಾಕಿಕೊಂಡಿದ್ದಾರೆ ಎಂದು ಒಳಗೊಳಗೇ ನಕ್ಕು, ತಿದ್ದಿದರೆ ನೊಂದುಕೊಂಡಾರೆಂದು ಔದಾರ್ಯ ತೋರಿದೆ. "ಅಂಚಿಲ್ಲದೆ ಹೇಗ್ರೀ ಸಾಬ್ರೇ? ಅದೇ ಅಲ್ವೇ ಜೀವಾಳ!"

"ಮರಳುಗಾಡಲ್ಲಿ?"

"ಮರಳುಗಾಡಾದ್ರೇನು, ಮಲ್ಲಿಗೆ ತೋಟ ಆದ್ರೇನು? ಬರ್ದಿದ್ದೀನಲ್ಲ, ನಾಲ್ಕೂ ಕಡೆ ಇರ್ಲೇಬೇಕು."

ಸಾಬರು ಎದೆಯ ಜೇಬನ್ನೊಮ್ಮೆ ತಟ್ಟಿಕೊಂಡರು. "ನೀವು ಓದಿದೋರು. ಹಾಕ್ಬಿಡ್ತೀನಿ, ಹೌದೋ ಅಲ್ವೋ."

ಒಂದು ಭಾನುವಾರ ಬೆಳಿಗ್ಗೆ, ಗೋಣಿತಾಟಿನಲ್ಲಿ ಸುತ್ತಿದ ಹನ್ನೆರಡು ಹಲಗೆಗಳನ್ನು ಬಸ್ಸಿನ ಮೇಲೇರಿಸಿಕೊಂಡು ಇಬ್ಬರೂ ಕುಣಿಗಲ್ಲಿಗೆ ಹೋದೆವು. ಬಾಗಿಲಲ್ಲೇ ಎದುರಾದವಳು ಕ್ಯಾಪ್ಟನ್ನನ ಹೆಂಡತಿ ಸರ್ವಮಂಗಳ. ನನ್ನ ಹಳೆಯ ಶಿಷ್ಯೆ. ಕಾಲಿಗೆ ನಮಸ್ಕರಿಸಿ, ಬೆಂಗಳೂರಿನ ಇಬ್ಬರು ಅತಿಥಿಗಳಿಗೆ ನನ್ನನ್ನು ತೋರಿಸಿ, "ನನ್ನ ನಾಲಿಗೆ ತಿದ್ದಿದೋರು ಇವ್ರೇ," ಎಂದಳು. ನಾನು ಉಬ್ಬಿದ ಪರಿಗೆ ಶರ್ಟಿನ ಎರಡು ಗುಂಡಿ ಕಿತ್ತುಹೋದವು.

ಸಾಬರು ತಾಟು ಬಿಚ್ಚಿ ಹಲಗೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ದಿಬ್ಬಗಳು ಉಸಿರಾಡುವಂತಿದ್ದವು, ಕಣಿವೆಯಲ್ಲಿ ನೆರಳು ಕೂಡ ಬಿಸಿಯಾಗಿರಬೇಕೆನ್ನಿಸುತ್ತಿತ್ತು. ಆದರೆ ಪ್ರತಿ ಹಲಗೆಯ ನಾಲ್ಕೂ ಕಡೆ ಬೆರಳೆತ್ತರದ ಗೋಡೆಯೊಂದು ಎದ್ದಿತ್ತು. ಗೋಡೆಯ ನೆತ್ತಿಯ ಮೇಲೆ, ಕೆರೆಯ ಜೇಡಿಯಲ್ಲಿ ಉಗುರಿನಷ್ಟಗಲಕ್ಕೆ ಅಚ್ಚೊತ್ತಿ, ಹಜರಾ ಬೀಯ ಒಲೆಯಲ್ಲಿ ಸುಟ್ಟ ಕೆಂಪು ಹಂಚಿನ ಸಾಲು. ಹಲಗೆಗೆ ನೂರ ತೊಂಬತ್ತೆರಡರಂತೆ ಹನ್ನೆರಡು ಹಲಗೆಗೆ ಎರಡು ಸಾವಿರದ ಮುನ್ನೂರ ನಾಲ್ಕು ಹಂಚು. ಎಲ್ಲವೂ ಒಂದೇ ಎತ್ತರ. ಹಂಚಿಗೆ ಹಂಚು ಕೂದಲೂ ತೂರದಂತೆ ಕೂಡಿಕೊಂಡಿತ್ತು.

ಕ್ಯಾಪ್ಟನ್ ನನ್ನತ್ತ ತಿರುಗಿ ಸ್ಫೋಟಿಸಿದ.

"ಏನ್ಲಾ ಸಿದ್ದಗಂಗ, ಮರಳುಗಾಡು ತತ್ತಾ ಅಂದ್ರೆ ಸದಾಶಿವನಗರದ ಸೈಟು ತಂದಿದ್ದೀಯಲ್ಲೋ! ಏನ್ರೀ ಸಾಬ್ರೇ, ನನ್ನ ಟ್ಯಾಂಕು ಗೇಟು ತಟ್ಟಿ, 'ಮನೇಲಿ ಯಾರಿದೀರಾ' ಅಂತ ಕೇಳಿ ಒಳಕ್ ಹೋಗ್ಬೇಕಾ?"

ಅತಿಥಿಗಳು ಮೇಜು ಹಿಡಿದುಕೊಂಡು ನಕ್ಕರು. ಒಬ್ಬಾತನಿಗೆ ನಕ್ಕು ನಕ್ಕು ಕೆಮ್ಮೇ ಹತ್ತಿತು. ನನಗೆ ಮಾತ್ರ ಆಗ ಎಲ್ಲ ಹೊಳೆಯಿತು. 'ನಾಲ್ಕೂ ಕಡೆ ಅಂಚು ಒಂದೇ ಎತ್ತರದಲ್ಲಿರತಕ್ಕದ್ದು, ಅಂಚಿಗೆ ಅಂಚು ಕೂಡತಕ್ಕದ್ದು' ಎಂದು ಬರೆಯಬೇಕಾದಲ್ಲಿ, ಮೂವತ್ತು ವರ್ಷ ಕಂಡಕಂಡ ಅಕಾರಕ್ಕೆಲ್ಲ ಹಕಾರ ತೊಡಿಸಿ ಪಳಗಿದ ನನ್ನ ಲೇಖನಿ ತಾನೇ ತಾನಾಗಿ 'ಹಂಚು' ಎಂದು ಬರೆದಿತ್ತು. ಮನೆಗೆ ಬಂದು ಕೇಳಿದಾಗ ಸಾಬರು ಹಂಚೆಂದೇ ಕೇಳಿದ್ದರು. ನಾನು ಅಂಚೆಂದು ಉತ್ತರಿಸಿದ್ದೆ. ಊರಿಗೆ ಊರೇ ಹಂಚನ್ನು ಅಂಚೆನ್ನುವಾಗ ಅವರಿಗೆ ಅನುಮಾನ ಬರುವುದೆಲ್ಲಿಂದ?

ಸಾಬರು ನನ್ನ ಮುಖ ನೋಡಿದರು. ಒಮ್ಮೆ ಮಾತ್ರ. ಅವರ ಕೈ ಎದೆಯ ಜೇಬಿಗೆ ಹೋಯಿತು. ಆ ಚೀಟಿಯನ್ನು ಮೇಜಿನ ಮೇಲಿಟ್ಟಿದ್ದರೆ ಅವರ ಇಪ್ಪತ್ತಾರು ವರ್ಷ ಉಳಿಯುತ್ತಿತ್ತು, ನನ್ನ ಮೂವತ್ತು ಹೋಗುತ್ತಿತ್ತು. ಅಷ್ಟರಲ್ಲಿ ಕಾಫಿ ತಂದ ಸರ್ವಮಂಗಳ, "ಮೇಷ್ಟ್ರು ಅಂಚು ಅಂದಿದ್ದು ಇವ್ರಿಗೆ ಹಂಚು ಅಂತ ಕೇಳಿಸಿರ್ಬೇಕು ಕಣ್ರೀ. ನಮ್ಮ ಮೇಷ್ಟ್ರು ಹಕಾರ ತಪ್ಪೋರಲ್ಲ," ಎಂದಳು.

ಸಾಬರ ಕೈ ಜೇಬಿನಿಂದ ಬರಿದಾಗಿ ಹೊರಬಂತು. "ಹೌದು ತಾಯಿ. ನನ್ನ ಕಿವಿ ಸ್ವಲ್ಪ ಮಂದ. ಮೇಷ್ಟ್ರು ಸರಿಯಾಗೇ ಹೇಳಿದ್ರು. ತಪ್ಪಾಯ್ತು ಸಾರ್, ಸರಿಮಾಡಿ ತರ್ತೀನಿ."

ನಾನು ಬಾಯಿ ತೆರೆದೆ. ತೆರೆದ ಬಾಯಿಗೆ ಕಾಫಿ ಹೊಯ್ದುಕೊಂಡೆ. ಅಂಥ ಬಿಸಿ ಕಾಫಿಯನ್ನು ಅಷ್ಟು ಬೇಗ ಕುಡಿದವನು ಲೋಕದಲ್ಲಿ ಮತ್ತೊಬ್ಬನಿರಲಾರ.

ಹೋದ ಬಸ್ಸಿನಲ್ಲೇ ಹಲಗೆಗಳು ವಾಪಸ್ ಬಂದವು. ತುಮಕೂರಿನಲ್ಲಿ ಇಳಿಸುವಾಗ ಕೂಲಿಯವನು, "ಯಾಕ್ ಅಬೀಬ್ ಸಾಬ್ರೇ, ವಾಪಸ್ಸಾ?" ಎಂದ. "ವಾಪಸ್," ಎಂದರು ಸಾಬರು. ಆ ಮಾತಿಗೆ 'ಹೌದೋ ಅಲ್ವೋ' ಸೇರಿಸಲಿಲ್ಲ. ಎಂಟು ದಿನ ಕೂತು, ಎರಡು ಸಾವಿರದ ಮುನ್ನೂರ ನಾಲ್ಕು ಹಂಚನ್ನೂ ಉಳಿಯಿಂದ ಎಬ್ಬಿಸಿ, ಗೋಡೆ ಕಿತ್ತು, ಅಂಚಿಗೆ ತೋಪಡ ಹೊಡೆದು, ಮರಳನ್ನು ಎಲ್ಲ ಕಡೆ ಒಂದೇ ಮಟ್ಟಕ್ಕೆ ಇಳಿಸಿದರು. ಎರಡನೆಯ ಸಲ ಹಲಗೆಗಳನ್ನು ಹೇಗೆ ತಿರುಗಿಸಿಟ್ಟರೂ ಜೋಡಣೆ ಕಾಣದೆ ಕ್ಯಾಪ್ಟನ್ ಭೂತಗನ್ನಡಿ ಹಿಡಿದು ಹುಡುಕಿದನಂತೆ. ಆ ದಿನ ನಾನು ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದ್ದೆ. ಹೇಳಿದ ಮೇಲೆ ನಿಜವಾಗಿಯೂ ಬಂತು.

ಕೆಲಸ ಸರಿಹೋಯಿತು, ಸಾಬರ ಕಿವಿ ಸರಿಹೋಗಲಿಲ್ಲ. ಅವರು ಕಿವುಡರೆಂಬ ಸುದ್ದಿ ಕುಣಿಗಲ್ಲಿನಿಂದ ಬಸ್ಸಿಗಿಂತ ಮೊದಲೇ ಬಂದಿತ್ತು. ಗಿರಾಕಿಗಳು ಅಂಗಡಿಯೊಳಗೆ ಕಾಲಿಡುತ್ತಲೇ, ಗುಡ್ಡದಾಚೆಯವನನ್ನು ಕರೆಯುವಂತೆ ಕಿರುಚತೊಡಗಿದರು. ಒಂದು ಸ್ಟೂಲಿನ ಅಳತೆಯನ್ನು ಒಬ್ಬಾತ ಅರಚಿದ ರಭಸಕ್ಕೆ ಅಂತರಸನಹಳ್ಳಿಯಲ್ಲಿ ಯಾರೋ ಆ ಅಳತೆಯ ಸ್ಟೂಲು ಮಾಡಿಟ್ಟರೆಂದು ಪ್ರತೀತಿ. ಸೂಜಿ ಬಿದ್ದರೂ ಕೇಳಿಸುವ ಕಿವಿಯವರು ಸಾಬರು; ಮೂರು ವರ್ಷ ಆ ಅರಚಾಟವನ್ನೆಲ್ಲ ಕೇಳಿಕೊಂಡು ಮೆಲ್ಲಗೆ ಉತ್ತರಿಸಿದರು. ನಾನು ಆ ರಸ್ತೆ ಬಿಟ್ಟು ಹಿಂದಿನ ಗಲ್ಲಿಯಿಂದ ಓಡಾಡತೊಡಗಿದೆ.

ನಿವೃತ್ತಿಯ ದಿನ ಶಾಲೆಯಲ್ಲಿ ನನಗೆ ಶಾಲು ಹೊದಿಸಿ, 'ಹಕಾರದ ಕಾವಲುಗಾರರು' ಎಂದು ಅಚ್ಚುಹಾಕಿಸಿದ ಬಿನ್ನವತ್ತಳೆ ಓದಿದರು. ಅದು ಮುಗಿಯುವಷ್ಟರಲ್ಲಿ ನನ್ನ ಬೆನ್ನು ಬೆವತುಹೋಗಿತ್ತು. ಶಾಲನ್ನು ಕಂಕುಳಿಗೆ ತುರುಕಿಕೊಂಡು ನೇರ ಸಾಬರ ಅಂಗಡಿಗೆ ನಡೆದೆ. ಅವರು ಒಂದು ತೊಟ್ಟಿಲಿಗೆ ತೋಪಡ ಹೊಡೆಯುತ್ತಿದ್ದರು.

"ಸಾಬ್ರೇ, ಆ ಚೀಟಿ ಎಲ್ಲಿದೆ?"

"ಕೆಲಸ ಪಾಸಾದ ದಿನಾನೇ ಹರಿದಾಕ್ದೆ."

"ತಪ್ಪು ನಂದು. ನಾಳೆ ಕುಣಿಗಲ್ಲಿಗೆ ಹೋಗಿ, ಎಲ್ಲರೆದುರು ಒಪ್ಕೋತೀನಿ. ನನ್ನ ಮಾನ ಉಳಿಸೋಕೆ ನೀವು ಕಿವುಡರಾದ್ರಿ."

ಸಾಬರು ತೋಪಡ ಹೊಡೆಯುತ್ತಲೇ ಇದ್ದರು. ಅವರ ಕೈ ನಿಲ್ಲಿಸಲು ಪಂಡಿತನಿಗೆ ಗೊತ್ತಿದ್ದದ್ದು ಒಂದೇ ದಾರಿ: ಉಪನ್ಯಾಸ. ಲೋಕದಲ್ಲಿ ಒಂದು ಜಾತಿಯ ಜನರಿದ್ದಾರೆ, ಅವರು ಒಳ್ಳೆಯತನವನ್ನೂ ಮರಗೆಲಸದಂತೆಯೇ ಮಾಡುತ್ತಾರೆ, ಜೋಡಣೆ ಎಲ್ಲಿದೆಯೆಂದು ನೋಡುವವನಿಗೆ ತಿಳಿಯಗೊಡುವುದಿಲ್ಲ. ನಮ್ಮಂಥವರು ಆ ನುಣುಪಿನ ಮೇಲೆ ಆಯುಷ್ಯವಿಡೀ ಕೈಯಾಡಿಸುತ್ತಲೇ ಇದ್ದು, ಇನ್ನೊಬ್ಬರ ಬೆವರಿನ ನಯವನ್ನು ನಮ್ಮದೇ ಘನತೆಯೆಂದು ಭ್ರಮಿಸುತ್ತೇವೆ. ಅಂಥವರ ಋಣಕ್ಕೆ ನಾಚಿಕೆಯಲ್ಲದೆ ಬೇರೆ ಕಾಣಿಕೆಯಿಲ್ಲ. ಇಷ್ಟನ್ನೂ ಹೇಳಿ ಮುಗಿಸಿ, "ನಾನು ಇದನ್ನ ಸರಿಪಡಿಸ್ಲೇಬೇಕು ಸಾಬ್ರೇ," ಎಂದೆ.

ಹಬೀಬ್ ಸಾಬರು ತೊಟ್ಟಿಲಿನ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಲೇ ಹೇಳಿದರು: "ಸುಮ್ನೆ ಮನೆಗೋಗಿ ಮೇಷ್ಟ್ರೇ. ನನ್ನ ಹಲಗೆ ತಪ್ಪಾದ್ರೆ ವಾಪಸ್ ಬರುತ್ತೆ, ತೋಪಡ ಹೊಡೀತೀನಿ. ನಿಮ್ದು ತಪ್ಪು ಅಂತ ಗೊತ್ತಾದ್ರೆ, ಮೂವತ್ತು ವರ್ಷ ನೀವು ತಿದ್ದಿದ ಹುಡುಗ್ರೆಲ್ಲ ವಾಪಸ್ ಬರ್ತಾರೆ. ಎಲ್ಲಿ ಕೂರಿಸ್ತೀರಿ?"