ವಾಯವ್ಯದ ಗಂಡು

ಮೊಮ್ಮಗಳು ಮೆಚ್ಚಿದ ಹುಡುಗನ ವಿಷಯದಲ್ಲಿ ಸಕಿನೆಂ ಅಜ್ಜಿಗೆ ತಕರಾರಿರಲಿಲ್ಲ. ಜತ್ಮಿಕೊ ಎಲೆಕೋಸು ಬೆಳೆಯುತ್ತಾನೆ, ಬೀಡಿ ಸಿಗರೇಟು ಮುಟ್ಟುವುದಿಲ್ಲ, ದೊಡ್ಡವರ ಮುಂದೆ ತಗ್ಗಿ ನಡೆಯುತ್ತಾನೆ. ತಕರಾರೆಲ್ಲ ಅವನ ಮನೆ ಇದ್ದ ದಿಕ್ಕಿನದು. ಹೆಣ್ಣು ತಾನು ಹೊರಟ ಮನೆಯಿಂದ ವಾಯವ್ಯಕ್ಕೆ ಸೊಸೆಯಾಗಿ ಹೋದರೆ ಗಂಡ ಬಾಳುವುದಿಲ್ಲ. ಅಜ್ಜಿಗೆ ಇದು ಬರೀ ಮಾತಲ್ಲ. ಅವಳ ಸೊಸೆ, ಆ ಮೊಮ್ಮಗಳ ತಾಯಿ, ಹಾಗೇ ವಾಯವ್ಯಕ್ಕೆ ನಡೆದು ಬಂದವಳು. ಮೆರಾಪಿ ಬೆಂಕಿಬೆಟ್ಟ ಬೂದಿ ಕಾರಿದ ವರ್ಷ ಹಸು ಬಿಚ್ಚಲು ಹೋದ ಮಗ ಹಿಂದಿರುಗಲಿಲ್ಲ. ಅಂದಿನಿಂದ ಸೊಸೆ ಮದುವೆಯ ಮಾತೆತ್ತಿದರೆ ಅಡುಗೆಮನೆ ಸೇರುತ್ತಿದ್ದಳು.

ಮೊಮ್ಮಗಳು ವೆನಿಂಗ್ ಅತ್ತು ನೋಡಿದಳು, ಊಟ ಬಿಟ್ಟು ನೋಡಿದಳು. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ಹೆದ್ದಾರಿಯ ತಿರುವೊಂದರಲ್ಲಿ ಅವಳದು ಸುಟ್ಟ ಜೋಳದ ಅಂಗಡಿ. ಆ ರಸ್ತೆ ಎಷ್ಟು ಸುತ್ತುತ್ತದೆಂದು ಅವಳಿಗೆ ಗೊತ್ತು. ಅಜ್ಜಿ ದಿಕ್ಕು ಹೇಳುವುದು ಮೆರಾಪಿ ನೋಡಿಕೊಂಡೇ. ಆ ಮೆರಾಪಿಯೇ ಎಡಕ್ಕೂ ಬಲಕ್ಕೂ ಓಡಾಡಿದರೆ ಮುದುಕಿಗೆ ಯಾವ ವಾಯವ್ಯ ನೆನಪಿರುತ್ತದೆ!

ಮೋಡವಿಲ್ಲದ ಒಂದು ಬೆಳಿಗ್ಗೆ, ಹುಡುಗನ ಮನೆಯನ್ನು ಒಮ್ಮೆ ನೋಡಿ ಬರೋಣವೆಂದು ಪುಸಲಾಯಿಸಿ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟಳು. ಬೆಟ್ಟ ಅವಳು ಹೇಳಿದಂತೆ ಕೇಳಿತು. ಬೋಳು ನೆತ್ತಿಯಲ್ಲಿ ಹೊಗೆಯಾಡಿಸುತ್ತ ಎಡಗಡೆ ನಿಂತಿತ್ತು, ತಿರುವು ದಾಟಿದರೆ ಎದುರಿಗೆ ಬಂತು, ಇನ್ನೊಂದು ದಾಟಿದರೆ ಬಲಕ್ಕೆ. ವೆನಿಂಗ್ ಒಳಗೊಳಗೇ ಹಿಗ್ಗಿದಳು.

ಜತ್ಮಿಕೊನ ಅಂಗಳದಲ್ಲಿ ಇಳಿದ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ಮೆರಾಪಿಗೆ ಮುಖ ಮಾಡಿ ನಿಂತಳು. ಮೆರಾಪಿ ಎಂದರೆ ದಕ್ಷಿಣ. ಆಮೇಲೆ ಬೆಟ್ಟಕ್ಕೂ ಎಡಗೈಗೂ ನಟ್ಟನಡುವೆ, ಕೆಳಗೆ ಕಂಡ ತನ್ನೂರಿನ ಕಡೆ ಬೆರಳು ತೋರಿಸಿದಳು.

"ನಮ್ಮನೆ ಅಗೋ ಅಲ್ಲಿ. ಅಲ್ಲಿಂದ ಇದು ನೆಟ್ಟಗೆ ವಾಯವ್ಯ. ರಸ್ತೆ ಕುಣಿದ್ರೆ ಬೆಟ್ಟಾನೂ ಕುಣಿಯುತ್ತೆ ಅಂದ್ಕೊಂಡ್ಯಾ?"

ಬೀಗಿತ್ತಿಯಾಗಬೇಕಿದ್ದವಳು ತಂದ ಚಹಾವನ್ನೂ ಅಜ್ಜಿ ಮುಟ್ಟಲಿಲ್ಲ. ಜತ್ಮಿಕೊ ನೆಲ ನೋಡುತ್ತ ನಿಂತ. ಇದ್ದ ಒಂದು ಆಸೆಯನ್ನೂ ತಾನೇ ಕೈಯಾರೆ ಕೆಡಿಸಿಕೊಂಡೆನೆಂದು ವೆನಿಂಗ್‌ಗೆ ಅನ್ನಿಸಿತು. ವಾಪಸು ಬರುವಾಗ ಕಣ್ಣು ಮಂಜಾಗಿ ರಸ್ತೆ ಕಾಣದೆ, ತನ್ನ ಅಂಗಡಿಯ ಮುಂದೆ ಬೈಕು ನಿಲ್ಲಿಸಿದಳು.

ಅಜ್ಜಿಗೆ ಹಸಿವಾಗಿತ್ತು. ವೆನಿಂಗ್ ಒಲೆ ಹೊತ್ತಿಸಿ ಜೋಳ ಸುಟ್ಟು, ಖಾರ ಸವರಿ ಕೊಟ್ಟಳು. ಅಜ್ಜಿ ಬೆಂಚಿನ ಮೇಲೆ ಕೂತು ತೆನೆ ಕಡಿಯುತ್ತ ಇದ್ದಕ್ಕಿದ್ದಂತೆ ಬಾಯಿ ನಿಲ್ಲಿಸಿದಳು. ಬೆನ್ನಿಗೆ ಎಳೆಬಿಸಿಲು, ಎಡಗೈಗೆ ಮೆರಾಪಿ. ನೇರ ಎದುರಿಗೆ, ಕಣಿವೆಯಾಚೆ, ಜತ್ಮಿಕೊನ ಮನೆಯ ಹೆಂಚು.

"ಅದು ಅವನದೇ ಮನೆಯಾ?"

"ಹೂಂ."

"ಇಲ್ಲಿಂದ ಅದು ಪಶ್ಚಿಮ."

"ಆದ್ರೇನಜ್ಜಿ? ಇದು ಅಂಗಡಿ."

"ಒಲೆ ಉರೀತಿದೆ. ನಿನ್ನ ಕೈಯಡುಗೆ ತಿಂತಾ ಕೂತಿದೀನಿ. ಇನ್ನೇನಿರಬೇಕು ಮನೆ ಅನ್ನೋಕೆ? ಹೆಣ್ಣು ಎಲ್ಲಿ ಮಲಗೆದ್ದು ಹೊರಡ್ತಾಳೋ ಅಲ್ಲಿಂದ ಕಣೇ ದಿಕ್ಕು."

ವೆನಿಂಗ್ ಕೈಯಲ್ಲಿದ್ದ ಬೀಸಣಿಗೆ ಕೆಳಗೆ ಬಿತ್ತು. ಅಜ್ಜಿ ಅವಳ ಕಡೆ ನೋಡಲಿಲ್ಲ. ತಲೆಯೆತ್ತಿ ಸೂರಿನ ತಗಡನ್ನು ನೋಡುತ್ತಿದ್ದಳು.

"ಇದು ಸೋರುತ್ತೆ. ಆ ಹುಡುಗನಿಗೆ ಹೇಳಿ ಮುಚ್ಚಿಸು. ಮದುವೆ ಹಿಂದಿನ ದಿನ ನಾವಿಲ್ಲಿ ಮಲಗಬೇಕು. ನಿಮ್ಮಮ್ಮನೂ ಚಾಪೆ ತರಲಿ."

ತೆನೆಯ ಕೊನೆಯ ಕಾಳುಗಳನ್ನೂ ಕಡಿದು ಮುಗಿಸಿದಳು. ಆಮೇಲೆ ಬೆಟ್ಟಕ್ಕೆ ಹೇಳುವವಳಂತೆ ಮೆಲ್ಲಗೆ ಅಂದಳು:

"ಪಾಪ, ನನ್ನ ಸೊಸೆ ಬರೋವಾಗ ದಾರೀಲಿ ಇಂಥದ್ದೊಂದು ಅಂಗಡಿ ಇರಲಿಲ್ಲ. ಅವಳ ತಪ್ಪೇನಿತ್ತು?"